ಸಾರು ಕುಡಿದ ಟ್ಯಾಂಕು

ಗೇರಿನ ಲಿವರನ್ನೇ ಮೇಲಕ್ಕೆ ತಿರುಗಿಸಿ ಕಿಕ್ ಹೊಡೆಯಬೇಕಾದ ಅಪ್ಪನ ಯೆಜ್ಡಿ ಬೈಕು, ಹತ್ತು ವರ್ಷಗಳಿಂದ ನಮ್ಮ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ಮಲಗಿತ್ತು. ದಸರೆಯ ರಜೆಯಲ್ಲಿ ನಾನು ಎಬ್ಬಿಸಿದಾಗ ಅದು ಬೀದಿಯ ತಿರುವಿನವರೆಗೆ ಗಾಂಭೀರ್ಯದಿಂದ ಸಾಗಿ, ಹಾಲಿನ ಬೂತಿನೆದುರು ಉಸಿರುಬಿಟ್ಟಿತು. ಟ್ಯಾಂಕಿನ ತಳದ ನಲ್ಲಿ, ಅಂದರೆ ಪೆಟ್ರೋಲ್ ಕಾಕ್, ಬಿಚ್ಚಿ ಗಾಜಿನ ಲೋಟ ಹಿಡಿದರೆ, ಗಸಿ ಸಮೇತ ಕಾಫಿ ಡಿಕಾಕ್ಷನ್ನೇ ಇಳಿಯಿತು. ಅರ್ಧ ಟ್ಯಾಂಕು ಪೆಟ್ರೋಲಿನೊಂದಿಗೆ ಗಾಡಿಯನ್ನು ಮರೆತಿದ್ದೆವು. ಮೇಲಿನ ಖಾಲಿ ಜಾಗದಲ್ಲಿ ಮಳೆಗಾಲದ ತೇವ ಹನಿಗಟ್ಟಿ ತುಕ್ಕು ಬೆಳೆದಿತ್ತು, ಅದರ ಪುಡಿ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿಗೆ, ಜೆಟ್ಟಿಗೆ, ಅಡ್ಡ ಕೂತಿತ್ತು.

ಈ ಬೈಕು ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿದ್ದರಿಂದ, ಅಸಲಿ ಟ್ಯಾಂಕು ಬೇಕೆಂದರೆ ಗುಜರಿ ಅಂಗಡಿಗಳನ್ನೇ ಸುತ್ತಬೇಕು. ಆಸಿಡ್ ಮುಟ್ಟುವ ಧೈರ್ಯವಿಲ್ಲದ ನಾನು, ಟ್ಯಾಂಕನ್ನು ಬರಿದು ಮಾಡಿ ಸೋಪಿನ ನೀರಿನಲ್ಲಿ ತೊಳೆದು, ದೇವರ ತಂಬಿಗೆ ಬೆಳಗುವ ಹುಣಸೆಹಣ್ಣಿಗೆ ಶರಣಾದೆ. ಒಂದು ಕೆಜಿ ಹಣ್ಣು ಕಿವುಚಿ, ರಸ ಸುರಿದು, ಎರಡು ದಿನ ನೆನೆಸಿದೆ.

"ಒಗ್ಗರಣೆಯನ್ನೂ ನೀನೇ ಹಾಕ್ಬಿಡಪ್ಪ," ಎಂದರು ಅಮ್ಮ, ಖಾಲಿ ಡಬ್ಬಿಯನ್ನು ನನ್ನೆದುರು ಕುಕ್ಕಿ.

ತುಕ್ಕು ಕೆರೆಯಲೆಂದು 22 ನಟ್ಟುಗಳನ್ನು ಹಾಕಿ ಕುಲುಕಿದೆ, ಹೊರಬಂದವು 21. ಟ್ಯಾಂಕು ಫ್ರೇಮಿನ ಮೇಲೆ ಕತ್ತೆಯ ಬೆನ್ನಿನ ಹೇರಿನಂತೆ ಎರಡೂ ಕಡೆ ಇಳಿಬಿದ್ದಿರುವುದರಿಂದ, ಉಳಿದೊಂದು ನಟ್ಟು ಎಡಕ್ಕೆ ವಾಲಿಸಿದರೆ ಎಡಕ್ಕೆ, ಬಲಕ್ಕೆ ವಾಲಿಸಿದರೆ ಬಲಕ್ಕೆ ಓಡಿ ಠಣ್ಣೆನ್ನುತ್ತಿತ್ತು. ದಾರ ಕಟ್ಟಿದ ಸೈಕಲ್ ಚೈನು ಹಾಕಬೇಕಿತ್ತೆಂದು ಮೆಕ್ಯಾನಿಕ್ ಹೇಳಿದ್ದು ಆಮೇಲೆ. ನಟ್ಟನ್ನು ಹೇಗೋ ಹಿಡಿದು, ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು ಊಟಕ್ಕೆ ಹೋದೆ. ಬರುವಷ್ಟರಲ್ಲಿ, ಬೆಳ್ಳಿಯಂತಿದ್ದ ಒಳಮೈಗೆ ಕುಂಕುಮ ಎರಚಿದಂತಾಗಿತ್ತು. ತೊಳೆದ ಕೂಡಲೇ ಒಣಗಿಸಿ ಎಣ್ಣೆ ಆಡಿಸದಿದ್ದರೆ, ಬೆತ್ತಲೆ ಕಬ್ಬಿಣಕ್ಕೆ ತುಕ್ಕು ಹಿಡಿಯಲು ಒಂದು ಊಟದ ಹೊತ್ತು ಸಾಕು.

ಎರಡನೆಯ ಸುತ್ತಿನಲ್ಲಿ ಅದನ್ನೂ ಕಲಿತು, ಈ ಟೂ-ಸ್ಟ್ರೋಕ್ ಗಾಡಿಗೆ ಬೇಕಾದಂತೆ ಪೆಟ್ರೋಲಿಗೆ ಆಯಿಲ್ ಬೆರೆಸಿ ತುಂಬಿ, ಹೆಮ್ಮೆಯಿಂದ ನೋಡುತ್ತಾ ನಿಂತೆ. ಟ್ಯಾಂಕಿನ ತಳದಲ್ಲಿ ಸಾಸಿವೆಯಷ್ಟು ಹನಿಯೊಂದು ಮೂಡಿತು. ಅದರ ಪಕ್ಕ ಇನ್ನೊಂದು.

"ಇಷ್ಟು ದಿನ ತೂತು ಮುಚ್ಚಿದ್ದೇ ತುಕ್ಕು ಸಾರ್, ಅದನ್ನೂ ತೆಗೆದ್ರಲ್ಲಾ," ಎಂದ ಮೆಕ್ಯಾನಿಕ್, ಬೆಸುಗೆಯವನು ಸಿಗುವ ತನಕ ಬಟ್ಟೆ ಸೋಪು ತಿಕ್ಕಿ ಪೆಟ್ರೋಲ್ ನಿಲ್ಲಿಸಿದ. ಬೆಸುಗೆಯವನೋ ಹಬ್ಬ ಮುಗಿಸಿ ಊರಿನಿಂದ ಇನ್ನೂ ಬಂದಿಲ್ಲ. ಈಗ ಅಮ್ಮ ಹುಣಸೆಹಣ್ಣಿನ ಡಬ್ಬಿಯ ಪಕ್ಕದಲ್ಲೇ ಸೋಪನ್ನೂ ಬಚ್ಚಿಡುತ್ತಾರೆ.