ಬಾಸ್ ತಂತಿಯೂ ಮೋಟಾರ್ ವೈಂಡಿಂಗೂ

ನಮ್ಮ ಮನೆಯ ಹಳೇ ಪಿಯಾನೋ ಬಳ್ಳಾರಿಯ ಕಂಟೋನ್ಮೆಂಟ್ ಕಡೆಯಿಂದ ಬಂದದ್ದು. ಊರು ಬಿಟ್ಟು ಹೊರಟವರು ಅಗ್ಗಕ್ಕೆ ಕೊಟ್ಟರು. ಯಾಕೆ ಅಗ್ಗ ಅಂತ ಆಮೇಲೆ ತಿಳಿಯಿತು. ಎಡತುದಿಯಲ್ಲಿ ಒಂದು ಕೀಯ ತಂತಿ ತುಂಡಾಗಿತ್ತು. ಪಕ್ಕದ್ದನ್ನು ಒತ್ತಿದರೆ ಹಲಗೆ ಬಡಿದ ಹಾಗೆ 'ದಬ್' ಅನ್ನುತ್ತಿತ್ತು.

ಎಡಗಡೆಯ ಈ ತಗ್ಗು ದನಿಯ ತಂತಿಗಳೇ ಬಾಸ್ ತಂತಿ. ಉಕ್ಕಿನ ತಂತಿಯ ಮೇಲೆ ತಾಮ್ರದ ತಂತಿ ಒತ್ತಾಗಿ ಸುತ್ತಿರುತ್ತಾರೆ. ಉದ್ದ ಹೆಚ್ಚಿಸದೆ ತೂಕ ಹೆಚ್ಚಿಸಿ ದನಿ ಇಳಿಸುವ ಉಪಾಯ. ಹಳೆಯದನ್ನು ಮಾದರಿಗೆ ಕಳಿಸಿ ಮಾಡಿಸಿದೆ. ತಿಂಗಳಾದ ಮೇಲೆ ಎರಡು ತಂತಿ ಚಕ್ಕುಲಿ ಥರ ಸುತ್ತಿಕೊಂಡು ಕೊರಿಯರ್‌ನಲ್ಲಿ ಬಂದವು. ಬೆಂಗಳೂರಿನಿಂದ ಟ್ಯೂನರ್ ಕರೆಸುವ ಖರ್ಚಿಗೆ ಒಂದು ಹಾರ್ಮೋನಿಯಂ ಬರುತ್ತೆ. ನಾನೇ ಹಾಕ್ತೀನಿ ಅಂದೆ.

ಕೆಳಗೆ ಕುಣಿಕೆ ಸಿಕ್ಕಿಸಬೇಕು, ಮೇಲಿನ ತುದಿಯನ್ನು ಬಿಗಿ ಮಾಡುವ ಪಿನ್ನಿಗೆ ಮೂರು ಸುತ್ತು ಸುತ್ತಬೇಕು. ನಾನು ತಂತಿ ಎಳೆದು ಹಿಡಿದು, ಸರಿಯಾಗಿ ಪಿನ್ನಿನ ಹತ್ತಿರಕ್ಕೆ ಕತ್ತರಿಸಿದೆ. ಬಹಳ ನೀಟಾಗಿ. ಆಮೇಲೆ ಹೊಳೆಯಿತು: ಮೂರು ಸುತ್ತು ಹಾಕಲು ತಂತಿ ಎಲ್ಲಿದೆ? ನಾಲ್ಕು ಬೆರಳು ಜಾಸ್ತಿ ಬಿಡಬೇಕಿತ್ತು.

"ಜೀನ್ಸ್ ಹೊಲಿಯೋ ಊರಾಗಿದ್ದು, ಮಡಚಾಕ ಬಟ್ಟೆ ಬಿಡಬೇಕಂತ ಗೊತ್ತಿಲ್ಲೇನ್ರೀ?" ಅಂದಳು ಹೆಂಡತಿ.

ಮತ್ತೊಂದು ತಿಂಗಳು, ಮತ್ತೊಂದು ತಂತಿ. ಕೆಟ್ಟದ್ದನ್ನು ವಾಪಸ್ ಕಳಿಸಿದೆ, ದುಡ್ಡು ಅಡ್ಜಸ್ಟ್ ಆಯ್ತು ಅಂತ ಅವಳಿಗೆ ಹೇಳಿ, ಬೀರುವಿನ ಮೇಲೆ ಬಚ್ಚಿಟ್ಟೆ.

ಬಿಗಿ ಮಾಡುವುದು ಇನ್ನೊಂದು ಕಥೆ. ಒಂದೊಂದು ತಂತಿಯ ಮೇಲೂ 70-80 ಕೆಜಿ ಎಳೆತ, ಹೆಚ್ಚೂಕಡಿಮೆ ನನ್ನ ತೂಕ. ಒಳಗೆ ಅಂಥವು 200 ಚಿಲ್ಲರೆ. ಪಟಾಕಿಗೆ ಊದಿನಕಡ್ಡಿ ಹಿಡಿದವರ ಹಾಗೆ ಮುಖ ಅತ್ತ ತಿರುಗಿಸಿ ಬಿಗಿ ಮಾಡಿದೆ. ಏನೂ ಆಗಲಿಲ್ಲ. ಖುಷಿಯಿಂದ ಕೀ ಒತ್ತಿದೆ. 'ಜಿರ್ರ್' ಅಂತು, ಬೆಂಕಿಪೊಟ್ಟಣದಲ್ಲಿ ಕೂಡಿಹಾಕಿದ ಜೀರಂಗಿ ಹಾಗೆ.

ಮರುದಿನ ನೀರಿನ ಪಂಪು ಕೆಟ್ಟಿತು. ನೋಡಲು ಬಂದ ಮೋಟಾರ್ ವೈಂಡಿಂಗ್ ಅಂಗಡಿಯ ಅಣ್ಣ, ತಾಮ್ರ ಕಂಡಿದ್ದೇ ತಡ, ಪಂಪು ಮರೆತ. ತಂತಿ ಮೇಲೆ ಉಗುರು ಎಳೆದ.

"ಸುತ್ತು ಸಡ್ಲಾಗೈತಿ ಸಾರ್."

ಪಿನ್ನು ಸಡಿಲಿಸಿ ಕುಣಿಕೆ ಬಿಡಿಸಿದ. ತಾಮ್ರ ಸುತ್ತಿದ ದಿಕ್ಕಿಗೇ ತಂತಿಯನ್ನು ಒಂದು ಸುತ್ತು ತಿರುಚಿ ಮತ್ತೆ ಸಿಕ್ಕಿಸಿದ. ಜೀರಂಗಿ ಮಾಯ! ಹಾಕುವ ಮೊದಲೇ ಹಾಗೆ ತಿರುಚಬೇಕಂತೆ, ಪಿಯಾನೋದವರೂ ಅದನ್ನೇ ಮಾಡೋದಂತೆ. ನನಗೆ ಆಮೇಲೆ ಗೊತ್ತಾಯಿತು.

"ಮೋಟಾರಿಗೆ ಹೊಡ್ದಂಗ ವಾರ್ನಿಶ್ ಹೊಡಿಲಿಲ್ಲೇನ್ರೀ ಇದಕ್ಕ?" ಅಂತ ಚೀಲಕ್ಕೆ ಕೈ ಹಾಕಿದ. ನಾನು ಪಿಯಾನೋಗೆ ಅಡ್ಡ ನಿಂತೆ.

ಹೊಸ ತಂತಿ ಹಿಗ್ಗುತ್ತಲೇ ಇರುತ್ತೆ. ಈಗಲೂ ಎರಡು ದಿನಕ್ಕೊಮ್ಮೆ ಚೂರು ಬಿಗಿ ಮಾಡ್ತೀನಿ. ಅವತ್ತು ಮಾತ್ರ ಅಣ್ಣ ದುಡ್ಡು ಮುಟ್ಟಲಿಲ್ಲ. ಬೀರುವಿನ ಕಡೆ ಕತ್ತು ಎತ್ತಿದ.

"ಆ ಮ್ಯಾಲಿನ ಕಾಪರ್ ಕೊಡ್ರಿ ಸಾಕು. ತೂಕಕ್ಕ ಹಾಕ್ತೀನಿ."

ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು.

"ಯಾವ ಕಾಪರ್ ರೀ?"