ಉಸಿರಾಡುವವರಿಗೆ ಪ್ರೀಮಿಯಂ ಜಾಸ್ತಿ

ದೆಹಲಿಯವರು ಉಸಿರಾಡುತ್ತಾರೆ. ಬದುಕುವ ರೀತಿ ನೋಡಿ ಆರೋಗ್ಯ ವಿಮೆಯ ಪ್ರೀಮಿಯಂ ಹಾಕಬೇಕು ಅನ್ನುವವರ ಲೆಕ್ಕದಲ್ಲಿ ಅದೇ ಅವರ ತಪ್ಪು. 2025ರ ಶುರುವಿನಲ್ಲಿ ಬಂದ ಸುದ್ದಿ ನೆನಪಿದೆ ಅಲ್ವಾ? ಹೊಗೆಯಿಂದ ಕ್ಲೇಮು ಜಾಸ್ತಿಯಾಗಿದೆ, ಆದ್ದರಿಂದ ಅಲ್ಲಿನವರ ಆರೋಗ್ಯ ವಿಮೆಯ ಪ್ರೀಮಿಯಂ 10ರಿಂದ 15 ಪರ್ಸೆಂಟ್ ಏರಿಸೋಣ ಅಂತ ಕಂಪನಿಗಳು ಯೋಚಿಸುತ್ತಿದ್ದವಂತೆ. ಎಂಥ ಸಮಾನತೆ ನೋಡಿ! ಜನ್ಮದಲ್ಲಿ ಬೀಡಿ ಮುಟ್ಟದವನೂ ದಿನಕ್ಕೊಂದು ಪ್ಯಾಕು ಸೇದುವವನೂ ಕೊನೆಗೂ ಒಂದೇ ಪಂಕ್ತಿಯಲ್ಲಿ ಕೂತರು. ಹೊಗೆ ಉಗುಳಿದ ಲಾರಿಯ ಹತ್ತಿರ, ಕಾರ್ಖಾನೆಯ ಹತ್ತಿರ ಯಾರೂ ಪ್ರೀಮಿಯಂ ಕೇಳಲಿಲ್ಲ. ಪಾಪ, ಅವು ಉಸಿರಾಡುವುದಿಲ್ಲವಲ್ಲ.

ಬೆಂಗಳೂರಿನಲ್ಲಿ ವಿಮೆ ಕಂಪನಿಯವರು ನಮಗೆ ಆಸೆ ತೋರಿಸುತ್ತಾರೆ. ದಿನಾ 10,000 ಹೆಜ್ಜೆ ನಡೆಯಿರಿ, ರಿನ್ಯೂವಲ್‌ನಲ್ಲಿ ಡಿಸ್ಕೌಂಟ್ ತಗೊಳ್ಳಿ. 1960ರ ದಶಕದಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರುವುದಕ್ಕೆ ಹಿಡಿದ ಸಂಖ್ಯೆ ಅದು. ಇರಲಿ. ಆದರೆ ನಡೆಯುವುದು ಎಲ್ಲಿ? ಫುಟ್‌ಪಾತಿನ ಮೊದಲ ಚಪ್ಪಡಿಯೇ ಇಲ್ಲ, ಕೆಳಗೆ ಚರಂಡಿ ಕಾಣುತ್ತದೆ. ಎರಡನೆಯದರ ಮೇಲೆ ಕಾಲಿಟ್ಟರೆ ಇನ್ನೊಂದು ತುದಿ ಎದ್ದು, ಕಪ್ಪು ನೀರು ಪ್ಯಾಂಟಿಗೆ ಚಿಮ್ಮುತ್ತದೆ. ಆಮೇಲೆ ಟ್ರಾನ್ಸ್‌ಫಾರ್ಮರ್. ಅದನ್ನು ಬಳಸಿಕೊಂಡು ಬಂದರೆ ಹಿಂದಿನಿಂದ ಸ್ಕೂಟರಿನವನ ಹಾರ್ನು, ಅದೂ ಫುಟ್‌ಪಾತಿನ ಮೇಲೇ. ದಾರಿಗೆ ಅಡ್ಡ ಬಂದ ನಮ್ಮದೇ ತಪ್ಪು ಅನ್ನೋ ಮುಖ ಬೇರೆ.

ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಸಂಜೆ ಸೋಫಾದಲ್ಲಿ ಕೂತು ಸೀರಿಯಲ್ ನೋಡುತ್ತಾ, ಫೋನು ಹಿಡಿದ ಕೈಯನ್ನು ಮಂಗಳಾರತಿಗೆ ಗಂಟೆ ಅಲ್ಲಾಡಿಸಿದ ಹಾಗೆ ಅಲ್ಲಾಡಿಸುತ್ತಿದ್ದರು.

"ಏನ್ ಸಾರ್, ಕೈ ನಡುಗ್ತಿದೆಯಾ?" ಅಂದೆ.

"ಸುಮ್ನಿರಪ್ಪ, ವಾಕಿಂಗ್ ಮಾಡ್ತಿದೀನಿ."

ಆರು ಸಾವಿರ ದಾಟಿತ್ತಂತೆ. ಮಿಕ್ಕಿದ್ದಕ್ಕೆ ಫೋನನ್ನು ಮೊಮ್ಮಗನ ಜೇಬಿಗೆ ಹಾಕಿ ಆಟಕ್ಕೆ ಕಳಿಸಿದರು. ಅವರ ಮನೆಯವರು ಬೆಳಿಗ್ಗೆಯಿಂದ ಅಡುಗೆಮನೆ, ಬಚ್ಚಲು, ಟೆರೇಸು ಅಂತ ಓಡಾಡುತ್ತಲೇ ಇದ್ದಾರೆ. ಅವರ ಹತ್ತಿರ ಇರುವುದು ಬಟನ್ ಫೋನು. ಹಾಗಾಗಿ ಕಂಪನಿಯ ಲೆಕ್ಕದಲ್ಲಿ ಆಕೆ ಸೋಮಾರಿ.

ಜೀವನಶೈಲಿ ನಮ್ಮದೇ ಆಯ್ಕೆಯಂತೆ. 2023ರಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಲಿ ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು 90ಕ್ಕೆ ಏರಿಸಿದರು. ಅಷ್ಟು ಹೊತ್ತು ಕುರ್ಚಿಗೆ ಅಂಟಿಕೊಂಡವನಿಗೆ ಶುಗರ್ ಬಂದರೆ ಅದು ಅವನ ಅಶಿಸ್ತು. ಅಪ್ಪನಿಂದ ಬಂದಿದ್ದರೆ, ಅಪ್ಪನನ್ನು ಆರಿಸುವಾಗ ನಾಲ್ಕು ಕಡೆ ವಿಚಾರಿಸಬೇಕಿತ್ತು.

ಕುಡಿತವನ್ನೇ ತಗೊಳ್ಳಿ. ವಿಮೆಯ ಫಾರ್ಮು ಕೇಳುತ್ತದೆ: ಕುಡಿಯುತ್ತೀರಾ, ವಾರಕ್ಕೆ ಎಷ್ಟು? ಅತ್ತ ನಮ್ಮ ರಾಜ್ಯದ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ₹40,000 ಕೋಟಿ ತರುವ ಗುರಿ. ಕುಡಿದರೆ ಪ್ರೀಮಿಯಂ ಏರುತ್ತದೆ, ಬಿಟ್ಟರೆ ಖಜಾನೆ ಸೊರಗುತ್ತದೆ. ದೇಶಭಕ್ತ ಏನು ಮಾಡಬೇಕು?

ನಿಜ ಹೇಳಬೇಕೆಂದರೆ ಸಾಕಾಗಿದೆ. ಸಿಗರೇಟು ಬಿಡಿ ಅಂತ ಹೇಳಲಿ, ಒಳ್ಳೆಯದೇ. ಆದರೆ ಆಸ್ಪತ್ರೆ ಸೇರಿದ ದಿನ ನೀವೆಷ್ಟು ಶಿಸ್ತಿನ ಮನುಷ್ಯ ಅಂತ ಯಾರೂ ಕೇಳುವುದಿಲ್ಲ. ರೂಮಿನ ಬಾಡಿಗೆ ಕೇಳುತ್ತಾರೆ. ಪಾಲಿಸಿಯಲ್ಲಿ ದಿನಕ್ಕೆ ₹5,000 ಮಿತಿ ಇದ್ದು ನೀವು ₹10,000ದ ರೂಮು ಹಿಡಿದರೆ, ಎಷ್ಟೋ ಪಾಲಿಸಿಗಳಲ್ಲಿ ಬಾಡಿಗೆ ಮಾತ್ರವಲ್ಲ, ಡಾಕ್ಟರ ಫೀಸು, ಥಿಯೇಟರ್ ಖರ್ಚು ಎಲ್ಲಕ್ಕೂ ಅರ್ಧಕ್ಕೆ ಕತ್ತರಿ. ರಾತ್ರಿ ಎರಡು ಗಂಟೆಗೆ ಅಮ್ಮನಿಗೆ ಎದೆನೋವು ಬಂದಾಗ ಬೇರೆ ರೂಮು ಖಾಲಿ ಇರಲಿಲ್ಲ ಅಂದರೆ? ಅದೂ ನಿಮ್ಮದೇ ಆಯ್ಕೆ ಸ್ವಾಮಿ.

ಡಿಸ್ಚಾರ್ಜಿನ ಒಪ್ಪಿಗೆಯನ್ನು ವಿಮೆ ಕಂಪನಿ 3 ಗಂಟೆಯೊಳಗೆ ಕೊಡಬೇಕು ಅಂತ ವಿಮೆ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2024ರಲ್ಲೇ ಹೇಳಿದೆ. ಬೆಳಿಗ್ಗೆ ಡಾಕ್ಟರು ಮನೆಗೆ ಹೋಗಿ ಅಂದಿರುತ್ತಾರೆ. ಸಂಜೆಯಾದರೂ ಮಗ ಫೈಲು ಹಿಡಿದುಕೊಂಡು ವಿಮೆ ಕ್ಲೇಮು ನೋಡಿಕೊಳ್ಳುವ ಟಿಪಿಎ ಡೆಸ್ಕಿನಿಂದ ಬಿಲ್ಲಿಂಗಿಗೆ, ಬಿಲ್ಲಿಂಗಿನಿಂದ ಫಾರ್ಮಸಿಗೆ, ಒಂದು ಸೀಲಿಗೋಸ್ಕರ ಮತ್ತೆ ಮೂರನೇ ಮಹಡಿಗೆ. ಅಷ್ಟರಲ್ಲಿ ಅವನ ಫೋನು ಟಿಣ್ ಅನ್ನುತ್ತದೆ: ಅಭಿನಂದನೆಗಳು, ಇವತ್ತಿನ 10,000 ಹೆಜ್ಜೆ ಮುಗಿಸಿದ್ದೀರಿ!