ಆಚೆ ದಡದ ಮಾರ್ಟಿಗೆ ನಾವು ಬಿಟ್ಟಿ ಹಮಾಲರು

ಇದನ್ನು ಬರೆದರೆ ನಾಳೆ ಬೆಳಿಗ್ಗೆ ಜೆಟ್ಟಿಯಲ್ಲಿ ನಾಲ್ಕು ಜನ ಮುಖ ತಿರುಗಿಸಿಕೊಂಡು ನಿಲ್ಲುತ್ತಾರೆ ಎಂಬುದು ಗೊತ್ತು. ನಿಲ್ಲಲಿ. ಫೆರಿ ದಾಟಲು ಬೇಕಾಗುವುದು ಕೆಲವೇ ನಿಮಿಷ. ಅಷ್ಟು ಹೊತ್ತು ಮಾಂಡವಿ ನದಿಯನ್ನು ನೋಡುತ್ತ ನಿಲ್ಲುವುದು ನನಗೇನೂ ಕಷ್ಟವಲ್ಲ.

ನಿನ್ನೆ ಭಾನುವಾರ. ಸಂಜೆ ಹಳೆ ಗೋವಾದಿಂದ ನಮ್ಮ ದ್ವೀಪ ದಿವಾರ್‌ಗೆ ಹೊರಟ ಫೆರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನರಿಗಿಂತ ಚೀಲಗಳೇ ಹೆಚ್ಚಾಗಿದ್ದವು. ಪ್ರತಿ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಒಂದು, ಹ್ಯಾಂಡಲಿಗೆ ಇನ್ನೆರಡು, ಎಲ್ಲದರ ಮೇಲೂ ಒಂದೇ ಮಾರ್ಟಿನ ಹೆಸರು. ಯಾವ ಮಾರ್ಟ್ ಎಂದು ನಾನು ಬರೆಯುವುದಿಲ್ಲ. ಪುಕ್ಕಟೆ ಪ್ರಚಾರಕ್ಕೆ ಆ ಚೀಲಗಳೇ ಸಾಕು. ಪಕ್ಕದಲ್ಲಿ ನಿಂತಿದ್ದವರು ನಮ್ಮ ಓಣಿಯವರೇ. ಫೆರಿ ನಡುನೀರಿಗೆ ಬಂದಾಗ ಅವರು ಫೋನ್ ತೆಗೆದು ದ್ವೀಪದ ನಮ್ಮ ಪಸರೊಗೆ, ಅಂದರೆ ಕಿರಾಣಿ ಅಂಗಡಿಗೆ, ಕರೆ ಮಾಡಿದರು. "ಬಾಬ್, ಬಾಗಿಲು ಹಾಕಬೇಡಿ, ಬಂದೇಬಿಟ್ಟೆವು."

ಅಂಗಡಿಯ ಯಜಮಾನರಾದ ಬಾಬ್ ಬಾಗಿಲು ಹಾಕಲಿಲ್ಲ. ಅರ್ಧ ಇಳಿಸಿದ ಶಟರನ್ನು ಮತ್ತೆ ಮೇಲಕ್ಕೆತ್ತಿ, ಆರಿಸಿದ್ದ ದೀಪ ಹಾಕಿ ಕಾದರು. ಫೆರಿ ಇಳಿದು ನೇರವಾಗಿ ಹಾಲು ತರಲು ಹೋಗಿದ್ದ ನಾನೂ ಅಲ್ಲೇ ನಿಂತಿದ್ದೆ. ಗಿರಾಕಿ ಮಹಾಶಯರು ಬಂದರು, ಒಂದು ಬೆಂಕಿಪೊಟ್ಟಣ ಕೇಳಿದರು, ಐನೂರರ ನೋಟು ಚಾಚಿದರು. ಚಿಲ್ಲರೆ ಬೇಕಿತ್ತಂತೆ. ಗಲ್ಲೆಯಲ್ಲಿದ್ದ ಹತ್ತು ಇಪ್ಪತ್ತರ ನೋಟುಗಳೆಲ್ಲ ಖಾಲಿಯಾದವು. ಹೊರಡುವಾಗ, "ಕೊತ್ತಂಬರಿ ಇಲ್ಲವೇ? ನಿಮ್ಮಲ್ಲಿ ಏನು ಕೇಳಿದರೂ ಇರುವುದಿಲ್ಲ" ಎಂಬ ಮಾತು ಬೇರೆ.

ಇದೇ ಮಹಾಶಯರು ಕಳೆದ ಆಗಸ್ಟಿನಲ್ಲಿ, ದ್ವೀಪದ ಬಾವುಟಗಳ ಹಬ್ಬವಾದ ಬೊಂದೆರಾಮ್ ದಿನ, ಇದೇ ಅಂಗಡಿಯ ಮುಂದೆ ಬಾವುಟ ಹಿಡಿದು ಫೋಟೊ ತೆಗೆಸಿಕೊಂಡು "ನಮ್ಮ ದ್ವೀಪ, ನಮ್ಮ ಪಸರೊ, ನಮ್ಮ ಗುರುತು, ಉಳಿಸಿಕೊಳ್ಳೋಣ" ಎಂದು ಬರೆದಿದ್ದರು. ನಾನು ಅದಕ್ಕೆ ಹೃದಯದ ಗುರುತು ಒತ್ತಿದ್ದೆ. ನಿನ್ನೆ ರಾತ್ರಿ ಹುಡುಕಿ ತೆಗೆದು ವಾಪಸ್ ಪಡೆದೆ.

ನಿಮಗೆಲ್ಲ ಗೊತ್ತಿರುವಂತೆ ನಾನು ಕಿರಾಣಿ ಅಂಗಡಿಯವರ ಮಗಳು. ಗದಗದ ಕಡೆಯ ಆ ಅಂಗಡಿ ಈಗಿಲ್ಲ, ಉದ್ರಿ ವಹಿಗಳು ಮಾತ್ರ ಅಟ್ಟದ ಮೇಲಿವೆ. ಹೀಗಾಗಿ ಈ ವಿಷಯದಲ್ಲಿ ನನ್ನಿಂದ ಸಮತೂಕದ ಮಾತು ನಿರೀಕ್ಷಿಸಬೇಡಿ. ತೂಕ ಹಾಕುವವರ ಮನೆಯಲ್ಲಿ ಹುಟ್ಟಿದರೂ ನನ್ನ ತಕ್ಕಡಿ ಮೊದಲಿನಿಂದಲೂ ಒಂದೇ ಕಡೆಗೆ ವಾಲಿದೆ.

ನನ್ನ ತಕರಾರು ಇಷ್ಟೇ. ದಿವಾರ್‌ಗೆ ಸೇತುವೆಯಿಲ್ಲ. ಕೊಂಕಣ ರೈಲು ದ್ವೀಪವನ್ನು ಹಾದು ಹೋಗುತ್ತದೆ, ನಿಲ್ಲುವುದಿಲ್ಲ. ಸೇತುವೆ ಬೇಕೋ ಬೇಡವೋ ಎಂಬ ಜಗಳ ನಾನು ಇಲ್ಲಿಗೆ ಮದುವೆಯಾಗಿ ಬರುವ ಮೊದಲೇ ಇತ್ತು, ನಾನು ಹೋದ ಮೇಲೂ ಇರುತ್ತದೆ. ಸೇತುವೆ ಬಂದರೆ ಬಿಲ್ಡರುಗಳು ಬರುತ್ತಾರೆ, ಮಾಲ್ ಬರುತ್ತದೆ, ದ್ವೀಪದ ಚಹರೆ ಕೆಡುತ್ತದೆ ಎನ್ನುವವರ ಮಾತು ನನಗೂ ಒಪ್ಪಿಗೆ. ಆದರೆ ಮಾಲ್ ಬರಲು ಸೇತುವೆ ಏಕೆ ಬೇಕು? ಪ್ರತಿ ಭಾನುವಾರ ನಾವೇ ಅದನ್ನು ಹೊತ್ತು ತರುತ್ತಿದ್ದೇವಲ್ಲ! ದ್ವೀಪದಲ್ಲಿ ಶಾಖೆ ತೆರೆದಿದ್ದರೆ ಆ ಮಾರ್ಟ್ ಬಾಡಿಗೆ ಕೊಡಬೇಕಿತ್ತು, ಹುಡುಗರಿಗೆ ಸಂಬಳ ಕೊಡಬೇಕಿತ್ತು, ಲಾರಿಯನ್ನು ಫೆರಿ ಸರದಿಯಲ್ಲಿ ನಿಲ್ಲಿಸಬೇಕಿತ್ತು. ಈಗ ಅದ್ಯಾವುದರ ಗೋಜಿಲ್ಲ. ಸಾಗಣೆ ನಮ್ಮದು, ಪೆಟ್ರೋಲ್ ನಮ್ಮದು, ಬೆನ್ನು ನಮ್ಮದು. ಮೇಲಾಗಿ ಚೀಲಕ್ಕೂ ನಾವೇ ದುಡ್ಡು ಕೊಡುತ್ತೇವೆ.

ಇನ್ನೂ ಒಂದು ತಮಾಷೆಯಿದೆ. ಫೆರಿಯಲ್ಲಿ ನಡೆದು ಹೋಗುವವರಿಗೆ ಶುಲ್ಕವಿಲ್ಲ. 2023ರ ನವೆಂಬರಿನಲ್ಲಿ ದ್ವಿಚಕ್ರ ವಾಹನಗಳಿಗೆ ಶುಲ್ಕ ಹಾಕಲು ಸರ್ಕಾರ ಹೊರಟಾಗ ದ್ವೀಪಗಳ ಜನ ಎದ್ದು ನಿಂತರು, ಸರ್ಕಾರ ಹಿಂದೆ ಸರಿಯಿತು. ಒಳ್ಳೆಯದೇ ಆಯಿತು, ದಿನಾ ಪಣಜಿಯ ಕಚೇರಿಗೆ ಹೋಗುವ ನನ್ನಂಥವರಿಗೆ ಅದು ಉಳಿತಾಯವೇ. ಆದರೆ ಲೆಕ್ಕ ನೋಡಿ. ಮಾರ್ಟಿನ ಮಾಲು ಸ್ಕೂಟರಿನ ಮೇಲೆ ಸರ್ಕಾರದ ಖರ್ಚಿನಲ್ಲಿ ನದಿ ದಾಟುತ್ತದೆ. ನಮ್ಮ ಬಾಬ್ ಬೇಳೆ, ಸಕ್ಕರೆ, ಎಣ್ಣೆ ಡಬ್ಬ ತರಿಸುವ ಟೆಂಪೊ ದುಡ್ಡು ಕೊಟ್ಟು ದಾಟುತ್ತದೆ. ಆಮೇಲೆ ಟೆಂಪೊ ಬಾಡಿಗೆ, ಇಳಿಸುವವರ ಕೂಲಿ. ಇಷ್ಟೆಲ್ಲ ಆದ ಮೇಲೂ ಅವರು ಪ್ಯಾಕೆಟ್ ಮೇಲೆ ಮುದ್ರಿಸಿದ ಬೆಲೆಗಿಂತ ಒಂದು ರೂಪಾಯಿ ಹೆಚ್ಚಿಗೆ ಕೇಳುವಂತಿಲ್ಲ, ಅದು ಕಾನೂನು. ಪಣಜಿಯಲ್ಲಿ ಎಷ್ಟೋ ದಿವಾರ್‌ನಲ್ಲೂ ಅಷ್ಟೇ. ನದಿಯ ಖರ್ಚು ಅವರ ಪಾಲಿನ ಲಾಭದಲ್ಲೇ ಕಳೆಯಬೇಕು.

ಇಲ್ಲಿಗೆ ಒಬ್ಬರು ಬಂದು "ಮೇಡಂ, ಅಗ್ಗಕ್ಕೆ ಸಿಗುವುದನ್ನು ಬಿಟ್ಟು ದುಬಾರಿಗೆ ಕೊಳ್ಳಲು ನಾವೇನು ಧರ್ಮಛತ್ರ ಇಟ್ಟಿದ್ದೇವೆಯೇ?" ಎಂದು ಕೇಳುತ್ತಾರೆ. ಕೇಳಲಿ. ಎಣ್ಣೆ, ಬೇಳೆ, ಸಾಬೂನಿನಲ್ಲಿ ಉಳಿಯುವುದು ನಿಜ. ಮನೆ ಸಾಲದ ಕಂತು, ಶಾಲೆಯ ಶುಲ್ಕ ಕಟ್ಟುವವರಿಗೆ ತಿಂಗಳಿಗೆ ಒಂದಿಷ್ಟು ಉಳಿದರೆ ಅದು ಸಣ್ಣ ಮಾತಲ್ಲ. ಒಪ್ಪಿದೆ. ಆದರೆ ನಿನ್ನೆಯ ಆ ಚೀಲದೊಳಗೆ ನಾನು ಇಣುಕಿ ನೋಡಿದ್ದೇನೆ (ಸಂಸ್ಕಾರವಿಲ್ಲದವಳು ಎನ್ನಿ, ಬೇಸರವಿಲ್ಲ). ಬೇಳೆ ಇರಲಿಲ್ಲ. ಒಂದು ಕೊಂಡರೆ ಇನ್ನೊಂದು ಉಚಿತವಾದ ಪ್ಲಾಸ್ಟಿಕ್ ಡಬ್ಬಿಗಳು, ನಾಲ್ಕು ಬಗೆಯ ಚಿಪ್ಸ್, ಕಾಲೊರೆಸುವ ಚಾಪೆ, ಬಣ್ಣಬಣ್ಣದ ಪಾನೀಯಗಳು. ಬೇಳೆಯಲ್ಲಿ ಉಳಿಸಲು ಹೋದವರು ಚಾಪೆ ಹೊತ್ತು ಬರುವಂತೆ ಮಾಡುವುದೇ ಆ ಅಂಗಡಿಯ ವಿದ್ಯೆ. ನಿಜವಾಗಿ ಉಳಿತಾಯ ಬೇಕಾದವರು ಅಲ್ಲಿಗೆ ಹೋಗುವುದೇ ಇಲ್ಲ, ಏಕೆಂದರೆ ಐದು ಲೀಟರ್ ಎಣ್ಣೆ ಒಟ್ಟಿಗೆ ಕೊಳ್ಳುವ ದುಡ್ಡು ಅವರ ಕೈಯಲ್ಲಿ ಒಂದೇ ದಿನ ಇರುವುದಿಲ್ಲ.

ಬಾಬ್ ಕೂಡ ದೇವರಲ್ಲ. ಮಧ್ಯಾಹ್ನ ಒಂದು ಗಂಟೆಗೆ ಬಾಗಿಲು ಹಾಕಿದರೆ ನಾಲ್ಕರವರೆಗೆ ಭೂಕಂಪವಾದರೂ ತೆರೆಯುವುದಿಲ್ಲ. ಒಮ್ಮೆ ಹಳೆಯ ರವೆ ಕೊಟ್ಟು, ಹುಳ ತೋರಿಸಿದಾಗ ನನ್ನ ಮೇಲೆಯೇ ರೇಗಿದರು. ಎರಡು ವಾರ ಮಾತು ಬಿಟ್ಟಿದ್ದೆವು. ಹಾಗೆಂದು ನಾನು ನದಿ ದಾಟಿ ರವೆ ತರಲು ಹೋಗಲಿಲ್ಲ, ಅಲ್ಲೇ ನಿಂತು ಜಗಳವಾಡಿದೆ. ಜಗಳವಾಡಲು ಎದುರಿಗೆ ಒಬ್ಬ ಮನುಷ್ಯ ಸಿಗುತ್ತಾನೆ ಎಂಬುದೂ ಒಂದು ಸೌಕರ್ಯವೇ. ಮಾರ್ಟಿನಲ್ಲಿ ಯಾರ ಹತ್ತಿರ ರೇಗುವುದು? ಬಿಲ್ ಮಾಡುವ ಆ ಹುಡುಗಿಯ ಮೇಲೆಯೇ? ಅವಳು ಪಾಪ ದಿನವಿಡೀ ನಿಂತೇ ಇರುತ್ತಾಳೆ.

ಈಗ ಹೇಳುವುದನ್ನು ಓದಿ ನಕ್ಕರೆ ನಕ್ಕುಬಿಡಿ. ಕೆಲವು ತಿಂಗಳ ಹಿಂದೆ ಫೆರಿಯಲ್ಲಿ ಬಾಬ್ ಅವರೇ ಸಿಕ್ಕಿದ್ದರು. ಕಾಲ ಬಳಿ ಬಟ್ಟೆ ತೊಳೆಯುವ ಪುಡಿಯ ಎರಡು ರಟ್ಟಿನ ಪೆಟ್ಟಿಗೆ, ಅದರ ಮೇಲೆ ಗೋಣಿತಾಟು. ಗಾಳಿಗೆ ತಾಟು ಸರಿದಾಗ ಕೆಳಗೆ ಕಂಡದ್ದು ಅದೇ ಮಾರ್ಟಿನ ಚೀಟಿ. ನಾನು ನೋಡಿದ್ದನ್ನು ಅವರು ನೋಡಿದರು. "ಏನು ಮಾಡಲಿ ಬಾಯ್, ವಿತರಕ ನನಗೆ ಕೊಡುವ ದರಕ್ಕಿಂತ ಅಲ್ಲಿ ಗಿರಾಕಿಗೆ ಮಾರುವ ದರವೇ ಕಡಿಮೆ" ಎಂದರು. ತಾಟನ್ನು ಮತ್ತೆ ಎಳೆದು ಅದರ ಮೇಲೆ ಕಾಲಿಟ್ಟು ನಿಂತರು.

ಕಂಪನಿಗಳು ದೊಡ್ಡ ಮಳಿಗೆಗಳಿಗೆ ನೇರವಾಗಿ, ರಾಶಿಗಟ್ಟಲೆ, ಭಾರಿ ರಿಯಾಯಿತಿಗೆ ಸರಕು ಕೊಡುತ್ತವೆ. ಸಣ್ಣ ಅಂಗಡಿಗೆ ಅದೇ ಪುಡಿ ವಿತರಕನ ಕೈ ದಾಟಿ, ಅವನ ಪಾಲು ಸೇರಿಕೊಂಡು ಬರುತ್ತದೆ. 2022ರ ಜನವರಿಯಲ್ಲಿ ಮಹಾರಾಷ್ಟ್ರದ ವಿತರಕರೇ ಇದರ ವಿರುದ್ಧ ಸಿಟ್ಟಿಗೆದ್ದು ಕೆಲವು ದೊಡ್ಡ ಕಂಪನಿಗಳ ಮಾಲು ಎತ್ತುವುದನ್ನು ನಿಲ್ಲಿಸಿದ್ದರು. ನಮಗೂ ಅವರಿಗೂ ಒಂದೇ ದರ ಕೊಡಿ ಎಂಬುದು ಅವರ ಬೇಡಿಕೆಯಾಗಿತ್ತು. ಅಂದರೆ ಬಾಬ್ ದುಬಾರಿ ಮಾರುವುದು ದುರಾಸೆಯಿಂದ ಎಂದುಕೊಂಡಿದ್ದರೆ ದಯವಿಟ್ಟು ಮೇಲಿನ ಗೋಣಿತಾಟಿನ ಸಾಲನ್ನು ಇನ್ನೊಮ್ಮೆ ಓದಿ.

ಈ ಬರಹಕ್ಕೆ ಕೊಂಕಣಿ ಗೆಳೆಯರೊಬ್ಬರು ಏನು ಹೇಳುತ್ತಾರೆ ಎಂಬುದೂ ಗೊತ್ತು: ನೀನು ಘಟ್ಟದ ಮೇಲಿನವಳು, ದ್ವೀಪದ ಅಂಗಡಿಯ ಚಿಂತೆ ನಿನಗೇಕೆ? ಸ್ವಾಮಿ, ಈ ದ್ವೀಪದಲ್ಲಿ ನೆಲೆಸಿದ್ದ ಸಪ್ತಕೋಟೇಶ್ವರ ಗೋವಾ ಕದಂಬರ ಕುಲದೈವ, ಆ ಅರಸರು ಕನ್ನಡದಲ್ಲಿ ಶಾಸನ ಬರೆಸಿದವರು. ಪೋರ್ಚುಗೀಸರು ಗುಡಿ ಕೆಡವಿದ ಮೇಲೆ ದೇವರೇ ನದಿ ದಾಟಿ ಆಚೆಯ ನಾರ್ವೆ ಎಂಬ ಹಳ್ಳಿಗೆ ಹೋಗಬೇಕಾಯಿತು. ಅಲ್ಲಿ ಗುಡಿಯನ್ನು 1668ರಲ್ಲಿ ಜೀರ್ಣೋದ್ಧಾರ ಮಾಡಿಸಿದವನು ಶಿವಾಜಿ. ಇಷ್ಟು ಹಳೆಯ ನೆಂಟಸ್ತಿಕೆ ಇರುವಾಗ ಒಂದು ಕಿರಾಣಿ ಅಂಗಡಿಯ ಬಗ್ಗೆ ಎರಡು ಮಾತು ಆಡಲು ನನಗೆ ಪರವಾನಗಿ ಬೇಕೇ? ನೀವು ತಿನ್ನುವ ತರಕಾರಿಯ ಬಹುಪಾಲು ಬೆಳಗಾವಿಯಿಂದ ಬರುತ್ತದೆ, ಅದನ್ನು ನಾವು ಎಂದಾದರೂ ಆಡಿ ತೋರಿಸಿದ್ದೇವೆಯೇ? (ಈಗ ತೋರಿಸಿದೆ. ಇರಲಿ.)

ನಿಜ ಹೇಳಬೇಕೆಂದರೆ ಆ ಅಂಗಡಿಯಲ್ಲಿ ನಾನು ಹೊರಗಿನವಳು ಎಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಬಾಗಿಲ ಎಡಕ್ಕೆ ಉಕ್ಕಡೆ ಎನ್ನುವ ಕುಚ್ಚಲಕ್ಕಿಯ ಮೂಟೆ, ಮೇಲೆ ಸರಿಗೆಯಿಂದ ಇಳಿಬಿಟ್ಟ ಚೋರೀಸ್ (ಹಂದಿ ಮಾಂಸದ ಸಾಸೇಜ್) ಸರ, ಶೇಂದಿಯ ವಿನೆಗರ್ ಬಾಟಲಿಗಳು. ಬಲಕ್ಕೆ ಬಿಳಿ ಜೋಳದ ಮೂಟೆ. ದ್ವೀಪದವರು ಯಾರೂ ಜೋಳ ತಿನ್ನುವುದಿಲ್ಲ. ಗಾರೆ ಕೆಲಸಕ್ಕೆ, ತೋಟದ ಕೆಲಸಕ್ಕೆ ಬಂದಿರುವ ಬಾಗಲಕೋಟೆ, ವಿಜಯಪುರದ ಕಡೆಯವರಿಗಾಗಿಯೇ ಅದನ್ನು ತರಿಸುತ್ತಾರೆ. ಉದ್ರಿ ವಹಿಯಲ್ಲಿ ಆ ಹೆಣ್ಣುಮಕ್ಕಳ ಹೆಸರಿಲ್ಲ, ಊರಿನ ಹೆಸರಿದೆ: ಬಾದಾಮಿ, ಇಳಕಲ್, ಸಿಂದಗಿ, ಸಿಂದಗಿ ಚಿಕ್ಕವಳು. ಶನಿವಾರ ಪಗಾರವಾದ ಮೇಲೆ ಒಬ್ಬೊಬ್ಬರೇ ಬಂದು ತಮ್ಮ ಊರಿನ ಮೇಲೆ ಗೆರೆ ಎಳೆಸಿಕೊಂಡು ಹೋಗುತ್ತಾರೆ. "ಅಕ್ಕಾ, ಈ ವಾರ ಪೂರ್ತಿ ಆಯಿತು" ಎಂದು ಬಾಬ್ ಕನ್ನಡದಲ್ಲೇ ಹೇಳುತ್ತಾರೆ. ಅಂಗಡಿಯಲ್ಲಿ ಕೂತು ಕಲಿತ ಕನ್ನಡ, ಲಿಂಗ ವಚನ ಎಲ್ಲ ತಲೆಕೆಳಗು, ಆದರೆ ಬಾಕಿ ಲೆಕ್ಕ ಒಮ್ಮೆಯೂ ತಪ್ಪಿಲ್ಲ. ಈ ವಹಿಯನ್ನು ಯಾವ ಮಾರ್ಟಿನ ರಿಯಾಯಿತಿ ಕಾರ್ಡು ಸರಿಗಟ್ಟುತ್ತದೆ ತೋರಿಸಿ.

2020ರ ಮಾರ್ಚ್ ಕೊನೆಯ ವಾರ ನೆನಪಿದೆಯೇ? ಗೋವಾದಲ್ಲಿ ಕಿರಾಣಿ ಅಂಗಡಿಗಳನ್ನೂ ಮುಚ್ಚಿಸಿದ ಆ ದಿನಗಳು? ಅಕ್ಕಿ ಇದ್ದವರ ಮನೆಯಲ್ಲಿ ಉಪ್ಪಿಲ್ಲ, ಉಪ್ಪಿದ್ದವರಲ್ಲಿ ಹಾಲಿಲ್ಲ. ಆಗ ನಮ್ಮ ಓಣಿಗೆ ಹಿತ್ತಲ ಬಾಗಿಲಿನಿಂದ ಪುಡಿಕೆ ಕಟ್ಟಿ ಕೊಟ್ಟವರು ಯಾರು? ಮುಂಗಾರಿನಲ್ಲಿ ಚೋರ್ಲಾ ಘಟ್ಟದಲ್ಲಿ ಮಣ್ಣು ಕುಸಿದು ತರಕಾರಿ ಲಾರಿ ನಿಂತಾಗ, ನೀರಿನ ಸೆಳೆತಕ್ಕೆ ಫೆರಿ ತಡವಾದಾಗ, ಕರೆಂಟ್ ಹೋದಾಗ ಮೇಣದಬತ್ತಿಗೆ ಯಾರ ಬಾಗಿಲು ತಟ್ಟುತ್ತೀರಿ? ಮೇ ತಿಂಗಳಲ್ಲಿ ಪುರುಮೆಂತದ, ಅಂದರೆ ಮಳೆಗಾಲಕ್ಕೆ ದಾಸ್ತಾನು ಮಾಡುವ, ಹೊತ್ತಿಗೆ ಒಣ ಮೀನು, ಮೆಣಸಿನಕಾಯಿ, ಈರುಳ್ಳಿ ಗೊಂಚಲು ತುಂಬಿಟ್ಟುಕೊಳ್ಳುವ ಮನೆಗಳು ಕಡಿಮೆಯಾಗುತ್ತಿವೆ. ಪಸರೊ ಇದೆಯಲ್ಲ ಎಂಬ ಧೈರ್ಯ ಎಲ್ಲರಿಗೂ. ಒಳ್ಳೆಯ ದಿನಗಳಿಗೆ ಮಾರ್ಟು, ಕೆಟ್ಟ ದಿನಗಳಿಗೆ ಬಾಬ್. ಬೆಂಕಿಪೊಟ್ಟಣದ ವ್ಯಾಪಾರದಿಂದ ಆ ಅಂಗಡಿ ಕೆಟ್ಟ ದಿನಗಳವರೆಗೆ ಉಸಿರು ಹಿಡಿದುಕೊಂಡಿರಬೇಕು ಎಂದು ನಾವು ಹೇಗೆ ಅಂದುಕೊಳ್ಳುತ್ತೇವೆ?

ಇಷ್ಟೂ ಸಾಲದೆಂಬಂತೆ, ಆನ್‌ಲೈನಿನಲ್ಲಿ ತರಿಸಿದ ಪಾರ್ಸೆಲ್‌ಗಳೂ ಅಲ್ಲೇ ಇಳಿಯುತ್ತವೆ. ಮನೆ ಹುಡುಕಲಾಗದ ಹುಡುಗರು "ಅಂಗಡಿಯಲ್ಲಿ ಕೊಟ್ಟಿದ್ದೇನೆ" ಎಂದು ಫೋನ್ ಮಾಡಿ ಮುಂದಿನ ಫೆರಿ ಹಿಡಿಯುತ್ತಾರೆ. ಜೋಳದ ಮೂಟೆಯ ಮೇಲೆ ಯಾರದೋ ಚಪ್ಪಲಿ, ಯಾರದೋ ಮಿಕ್ಸರು. ತಮ್ಮ ಗಿರಾಕಿಗಳು ಬೇರೆ ಕಡೆ ಕೊಂಡ ಸಾಮಾನನ್ನು ಬಾಬ್ ಪುಕ್ಕಟೆ ಕಾಯುತ್ತ ಕೂರುತ್ತಾರೆ. ಪಾರ್ಸೆಲ್ ಒಯ್ಯಲು ಬಂದವರು ಬರಿಗೈಯಲ್ಲಿ ಬರುತ್ತಾರೆ, ಪಾರ್ಸೆಲ್ ಹಿಡಿದು ಹೋಗುತ್ತಾರೆ, ಒಂದು ಉಪ್ಪಿನ ಪೊಟ್ಟಣವಾದರೂ ಕೊಳ್ಳಬೇಕೆಂಬ ಸಂಕೋಚ ಬಹಳ ಜನರಿಗಿಲ್ಲ.

ಕೆಳಗೆ ಕಾಮೆಂಟಿನಲ್ಲಿ "ನೀವೂ ಪುಸ್ತಕಗಳನ್ನು ಆನ್‌ಲೈನಿನಲ್ಲೇ ತರಿಸುತ್ತೀರಲ್ಲ" ಎಂದು ಬರೆಯಲು ಕೈ ತುರಿಸುತ್ತಿರುವವರಿಗೆ ಈಗಲೇ ಉತ್ತರ ಕೊಟ್ಟುಬಿಡುತ್ತೇನೆ. ಹೌದು, ತರಿಸುತ್ತೇನೆ. ದಿವಾರ್‌ನಲ್ಲಿ ಒಂದು ಕನ್ನಡ ಪುಸ್ತಕದಂಗಡಿ ತೆರೆಯಿರಿ, ನಾಳೆಯಿಂದಲೇ ನಿಲ್ಲಿಸುತ್ತೇನೆ. ಉದ್ರಿ ಕೊಡಬೇಕು, ಅಷ್ಟೇ.